ಒಂದೇ ಮೊಳೆಗೆ ಎರಡು ಜಾಕೆಟ್

ಭಾನುವಾರ ಬೆಳಿಗ್ಗೆ ಬೇರೆಯವರು ತಲೆಗೆ ಎಣ್ಣೆ ಹಚ್ಚಿಕೊಂಡು ಕೂರುವ ಹೊತ್ತಿಗೆ ನಾನು ಜಾಕೆಟ್ಟಿನ ಬೂಷ್ಟು ಒರೆಸುತ್ತ ಕೂರುತ್ತೇನೆ. ನಮ್ಮ ಮನೆಯ ನಡುಕೋಣೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ ಎರಡು ಚರ್ಮದ ಜಾಕೆಟ್ ನೇತು ಹಾಕಿದ್ದೇನೆ. ಒಂದು ಕರಿಯದು, ಇನ್ನೊಂದು ಕಂದು. ಕರಿಯದು ಎಷ್ಟು ಭಾರ ಎಂದರೆ ಮೊಳೆ ಈಗ ನೆಲದ ಕಡೆ ನೋಡತೊಡಗಿದೆ. ಬೂಷ್ಟು ಮೊದಲು ಕಾಲರಿಗೆ ಬರುತ್ತದೆ, ಆಮೇಲೆ ಕಂಕುಳಿಗೆ, ಆಮೇಲೆ ಹೊಲಿಗೆಯ ಗೆರೆ ಹಿಡಿದು ಬೆನ್ನಿನವರೆಗೆ. ಯಾರೋ ಅಕ್ಕಿಹಿಟ್ಟು ಉದುರಿಸಿ ಹೋದ ಹಾಗೆ ಕಾಣುತ್ತದೆ. ಒಣ ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಮತ್ತೆ ಒಣ ಬಟ್ಟೆ. ಮುಂದಿನ ಭಾನುವಾರ ಅದು ಅಲ್ಲೇ ಬಂದಿರುತ್ತದೆ. ಸಾಗರದಂಥ ಊರಿನಲ್ಲಿ ಚರ್ಮದ ವಸ್ತು ಇಟ್ಟುಕೊಳ್ಳುವುದೆಂದರೆ ಬೂಷ್ಟನ್ನು ಸಾಕಿಕೊಂಡ ಹಾಗೆ.

"ಇವುಗಳ ಬದ್ಲು ಒಂದು ಹಸು ಕಟ್ಟಿದ್ರೂ ಇಷ್ಟೇ ಕೆಲಸ ಇರ್ತಿತ್ತು. ಹಾಲಾದ್ರೂ ಸಿಗ್ತಿತ್ತು," ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಾಳೆ. ಪ್ರತಿ ಭಾನುವಾರ ಹೇಳುತ್ತಾಳೆ. ನನಗೆ ಉತ್ತರ ಕೊಡಲು ಕೂಡ ಸುಸ್ತು.

ಸುಸ್ತು ಎನ್ನುವುದು ನನ್ನ ದಿನಚರಿಯಲ್ಲಿ ಒಂದು ಕಾಲಂ. ನಗಬೇಡಿ. ನಾನು ಎಲ್ಲದಕ್ಕೂ ಕಾಲಂ ಹಾಕುವವಳು. ಇಲ್ಲಿನ ಒಂದು ಖಾಸಗಿ ಲ್ಯಾಬಿನಲ್ಲಿ ನನ್ನ ಕೆಲಸ. ಲ್ಯಾಬಿಗೆ ಬರಲಾರದವರ ಮನೆಗೆ ಬೈಕಿನಲ್ಲಿ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಎಲ್ಲಿಗೆ ಹೋದೆ, ಎಷ್ಟು ಮನೆ, ಮೀಟರ್ ಎಷ್ಟಾಯಿತು, ಮಳೆ ಬಂತೋ ಇಲ್ಲವೋ, ಕೊನೆಯಲ್ಲಿ ಸುಸ್ತು ಹೌದೋ ಇಲ್ಲವೋ, ಇಷ್ಟನ್ನು ರಾತ್ರಿ ಊಟಕ್ಕೆ ಮೊದಲು ಬರೆಯುತ್ತೇನೆ. ಒಂದು ವರ್ಷದಿಂದ ಆ ಕೊನೆಯ ಕಾಲಮ್ಮಿನಲ್ಲಿ 'ಇಲ್ಲ' ಎಂದು ಬರೆದದ್ದು ನೆನಪಾಗುವುದಿಲ್ಲ. ಹಾಳೆ ತಿರುಗಿಸಿ ನೋಡಬಹುದು, ಅದಕ್ಕೂ ಬೇಜಾರು.

ಒಂದು ಬೈಕಿಗೆ ಎರಡು ಜಾಕೆಟ್ ಯಾಕೆ ಎಂದು ನೀವು ಕೇಳುತ್ತೀರಿ. ಅದನ್ನು ಹೇಳಬೇಕಾದರೆ ಅಕೇಶಿಯಾ ಎಲೆಯಿಂದ ಶುರು ಮಾಡಬೇಕು. ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ಮುಂದೆ ತೀರ್ಥಹಳ್ಳಿ ಕಡೆಗೆ, ರಸ್ತೆಯ ಪಕ್ಕ ಅಲ್ಲಲ್ಲಿ ಅಕೇಶಿಯಾ ಪ್ಲಾಂಟೇಶನ್ನು. ಕುಡುಗೋಲಿನ ಹಾಗೆ ಬಾಗಿದ ಅದರ ಎಲೆ ಒಣಗಿದ್ದರೆ ಏನೂ ಮಾಡುವುದಿಲ್ಲ. ಒಂದು ಹನಿ ಮಳೆ ಬಿದ್ದು ಒದ್ದೆಯಾಗಿ ಟಾರಿಗೆ ಅಂಟಿತೋ, ಬಾಳೆಹಣ್ಣಿನ ಸಿಪ್ಪೆ ಅದರ ಮುಂದೆ ಏನೂ ಅಲ್ಲ. ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಅರಳಸುರಳಿಗೆ ಹೊರಟಿದ್ದೆ. ಅಲ್ಲಿ ಅಪ್ಪನ ಅಕ್ಕ, ನನ್ನ ಗಿರಿಜತ್ತೆ ಇದ್ದಾಳೆ. ಹೊಸನಗರ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಎಡತಿರುವು. ಹಿಂದಿನ ಸಂಜೆ ಅಕಾಲದ ಮಳೆ ಬಿದ್ದಿತ್ತು. ನಾನು ನಿಧಾನವಾಗಿಯೇ ಇದ್ದೆ. ಆದರೂ ಹಿಂದಿನ ಚಕ್ರ ನನ್ನನ್ನು ಕೇಳದೆ ಬೇರೆ ಕಡೆ ಹೊರಟಿತು. ನನ್ನ ಮೊಣಕೈ ತರಚಿತು. ಅಪ್ಪನ ಎಡ ಮೊಣಕೈ ಮುರಿಯಿತು. ಅತ್ತೆಗೆಂದು ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ರಸ್ತೆಯ ತುಂಬ ಹರಡಿ, ಕಾಗೆಗಳು ನಮಗಿಂತ ಮೊದಲು ಎದ್ದು ಬಂದವು.

ಅಪ್ಪ ಬಸ್ ಡ್ರೈವರ್ ಆಗಿದ್ದವನು. ಸಾಗರ–ತೀರ್ಥಹಳ್ಳಿ ಲೈನಿನ ಖಾಸಗಿ ಬಸ್ಸು. ನಿವೃತ್ತನಾಗುವವರೆಗೆ ಒಂದು ಕೋಳಿಯನ್ನೂ ಮುಟ್ಟಿಸಿದವನಲ್ಲ. ಆ ದಿನದಿಂದ ಅವನು ಬೈಕ್ ಹತ್ತುವುದನ್ನು ಬಿಟ್ಟ. ಕೈಯ ಪಟ್ಟಿ ಬಿಚ್ಚಿದರು, ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ, ಏನೋ ಹಿಡಿದುಕೊಂಡವನ ಹಾಗೆ ಸ್ವಲ್ಪ ಬಾಗಿಯೇ ಉಳಿಯಿತು. "ಕೈ ಸರಿ ಆಗ್ಲಿ, ನೋಡೋಣ" ಎನ್ನುವುದು ಅವನ ಮಾತಾಯಿತು.

ಅತ್ತೆ ಎಂದರೆ ಅಪ್ಪನಿಗೆ ಬರೀ ಅಕ್ಕ ಅಲ್ಲ. ಅಜ್ಜಿ ತೀರಿಕೊಂಡಾಗ ಅಪ್ಪ ಚಡ್ಡಿ ಹಾಕಲು ಬಾರದ ಹುಡುಗ. ಅವನ ಸ್ನಾನ, ಊಟ, ಶಾಲೆ, ಪೆಟ್ಟು ಎಲ್ಲ ಅತ್ತೆಯ ಕೈಯಲ್ಲೇ ಆದದ್ದು. ಈಗ ಅವಳಿಗೆ ಮಂಡಿ ನೋವು, ಪ್ರಯಾಣ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಕಣ್ಣು. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದಕ್ಕೆ ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ, ಇರುವಷ್ಟು ದಿನ ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅವಳು ನನಗೇ ಫೋನ್ ಮಾಡುತ್ತಿದ್ದಳು.

"ನಿನ್ನಪ್ಪಂಗೆ ಹೇಳು, ಕಣ್ಣಿನ ಮುಂದೆ ಹೊಗೆ ಕೂತ ಹಂಗೆ ಆಗ್ಯದೆ. ಪೂರ್ತಿ ಕತ್ಲೆ ಆಗೋದ್ರೊಳ್ಗೆ ಒಂದ್ಸಲ ಮುಖ ತೋರ್ಸಿ ಹೋಗ್ಲಿ. ಆಮೇಲೆ ಬಂದ್ರೆ ದನಿ ಕೇಳ್ಬೋದು ಅಷ್ಟೇ. ದನಿ ಫೋನಲ್ಲೂ ಕೇಳ್ತದೆ."

ಬಸ್ಸಿಲ್ಲವೇ, ಕಾರಿಲ್ಲವೇ ಎನ್ನುತ್ತೀರಿ. ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ಅಪ್ಪನಿಗೆ ವಾಂತಿ. ಜೀವಮಾನವೆಲ್ಲ ಸ್ಟೇರಿಂಗ್ ಹಿಂದೆ ಕೂತ ಹೊಟ್ಟೆ ಬೇರೆಡೆ ಕೂರಲು ಒಪ್ಪುವುದಿಲ್ಲ. ಬಸ್ಸಿಗೂ ಅವನೊಬ್ಬನನ್ನೇ ಹತ್ತಿಸಿ ನೋಡಿದೆವು. ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತು, ಪ್ರತಿ ತಿರುವಿಗೂ ಬಲಗಾಲು ನೆಲಕ್ಕೆ ಒತ್ತಿ, "ಗೇರ್ ಇಳ್ಸು ಮಾರಾಯ, ಗೇರ್ ಇಳ್ಸು" ಎಂದು ಹೇಳಿ ಹೇಳಿ, ಕೊನೆಗೆ ಆ ಡ್ರೈವರ್ ಹುಡುಗ ಹೊಸನಗರದ ಸ್ಟ್ಯಾಂಡಿನಲ್ಲಿ ಬಸ್ ನಿಲ್ಲಿಸಿ ಕೈಮುಗಿದು, "ಯಜಮಾನ್ರೇ, ನೀವಾದ್ರೂ ಓಡ್ಸಿ, ಇಲ್ಲಾ ಇಳೀರಿ" ಎಂದ. ಅಪ್ಪ ಇಳಿದ. ಎದುರು ಬಂದ ಬಸ್ಸಿನಲ್ಲಿ ಮನೆಗೆ ವಾಪಸು. ಆ ಬಸ್ಸಿನಲ್ಲಿ ಏನು ನಡೆಯಿತೋ, ಅವನು ಹೇಳಿಲ್ಲ.

ಹಾಗಾಗಿ ಉಳಿದದ್ದು ಬೈಕು. ಬೈಕ್ ಹತ್ತಲು ಅವನಿಗೆ ಧೈರ್ಯ ಬೇಕು. ಧೈರ್ಯವನ್ನು ಅಂಗಡಿಯಲ್ಲಿ ಮಾರುತ್ತಾರೆ ಎಂದು ನಾನು ತಿಳಿದೆ. ಮೊದಲು ನಾನು ಹಾಕಿ ನೋಡುವುದು, ಯಾವುದು ಗಟ್ಟಿಯೋ ಅದು ಅವನಿಗೆ ಎಂದು ಲೆಕ್ಕ ಹಾಕಿದೆ.

ಮೊದಲು ಬಂದದ್ದು ಕಂದು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಗೊಂಬೆಯ ಮೈಮೇಲಿತ್ತು. ಕುರಿಮರಿ ಚರ್ಮವಂತೆ. ಮುಟ್ಟಿದರೆ ಬೆಣ್ಣೆ. ಅಂಗಡಿಯವನು, "ಬೈಕಿಗೂ ಆಗತ್ತೆ ಮೇಡಂ, ಫಂಕ್ಷನ್‌ಗೂ ಆಗತ್ತೆ" ಎಂದ. ಎರಡಕ್ಕೂ ಆಗುತ್ತದೆ ಎಂದು ಹೇಳಿ ಕೊಟ್ಟ ವಸ್ತು ಎರಡಕ್ಕೂ ಆದದ್ದನ್ನು ನಾನು ಕಂಡಿಲ್ಲ. ಸೋಫಾ ಕಂ ಬೆಡ್ ನಮ್ಮಲ್ಲೂ ಒಂದಿದೆ. ಆದರೂ ತಂದೆ. ಹಾಕಿಕೊಂಡು ಲ್ಯಾಬಿಗೆ ಹೋದ ದಿನ, ನನ್ನ ಜೊತೆ ಕೆಲಸ ಮಾಡುವ ನಾಗವೇಣಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಚಂದ ಇದೆ ಮಾರಾಯ್ತಿ. ಇದನ್ನ ಹಾಕ್ಕಂಡು ರಕ್ತ ತೆಗೀಲಿಕ್ಕೆ ಹೋಗ್ಬೇಡ, ಹೆಣ್ಣು ನೋಡಕ್ಕೆ ಬಂದವ್ರು ಅಂದ್ಕಂಡಾರು."

"ನಾನೇ ಹೆಣ್ಣಲ್ವನೇ?"

"ಅದೇ ಮತ್ತೆ, ಅವ್ರಿಗೂ ಗೊಂದಲ."

ಅವಳ ನಿಶ್ಚಿತಾರ್ಥಕ್ಕೆ ಅದನ್ನು ಹಾಕಿಕೊಂಡು ಹೋದೆ. ಸಿನಿಮಾಕ್ಕೆ, ಪೇಟೆಗೆ, ಬ್ಯಾಂಕಿಗೆ ಹಾಕಿಕೊಂಡು ಹೋದೆ. ಎಲ್ಲರೂ ಚಂದ ಎಂದರು. ಆಮೇಲೆ ಒಂದು ದಿನ ನಮ್ಮ ಗೇಟಿನ ಕೊಂಡಿಗೆ ತೋಳು ಸಿಕ್ಕಿಕೊಂಡು ಪರ್‍ರೆಂದು ಹರಿಯಿತು. ಗೇಟಿಗೆ ಹರಿಯುವ ಚರ್ಮ ಟಾರಿಗೆ ಏನು ಮಾಡೀತು? ಅಪ್ಪ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. "ಇದು ಒಳ್ಳೇದೇ. ಬಿದ್ದಾಗ ನೋಡ್ದವ್ರಿಗೆ, ಪಾಪ ಒಳ್ಳೆ ಮನೆ ಹುಡುಗಿ ಅಂತ ಗೊತ್ತಾಗ್ತದೆ," ಎಂದ.

ಕರಿಯದು ಸಿಕ್ಕಿದ್ದು ಆನಂದಪುರದಲ್ಲಿ. ಒಬ್ಬ ಹುಡುಗ ಮದುವೆಯಾಗುವವನಿದ್ದ, ಹುಡುಗಿಯ ಮನೆಯವರು ದೊಡ್ಡ ಬೈಕಿನ ಸಹವಾಸ ಬಿಟ್ಟರೆ ಮಾತ್ರ ಎಂದಿದ್ದರಂತೆ, ಬೈಕೂ ಜಾಕೆಟ್ಟೂ ಮಾರಲಿಕ್ಕಿತ್ತು. ಎಮ್ಮೆ ಚರ್ಮ. ಭುಜಕ್ಕೆ, ಮೊಣಕೈಗೆ, ಬೆನ್ನಿಗೆ ಒಳಗಡೆ ಗಟ್ಟಿ ಪ್ಯಾಡು. ಎಲ್ಲ ಕಡೆ ಎರಡೆರಡು ಹೊಲಿಗೆ. ಮಣಿಕಟ್ಟಿನಲ್ಲಿ ಜಿಪ್ಪು, ಗಾಳಿಗೆ ತೋಳು ಮೇಲೆ ಹೋಗಬಾರದು ಎಂದು. ಬಲ ಭುಜದ ಮೇಲೆ ಅಂಗೈ ಅಗಲದ ಗೀರು, ಬೆಕ್ಕು ಪರಚಿದಂತೆ ದೊರಗು ದೊರಗು.

"ಬಿದ್ದಿದ್ರಾ?" ಎಂದೆ.

"ಹೂಂ. ಜಾರ್ಕಂಡು ಹೋಗಿ ಮೋರಿ ತಂಕ."

"ಪೆಟ್ಟಾಯ್ತಾ?"

"ಆಯ್ತಲ್ಲ, ನೋಡಿ," ಎಂದು ಆ ಗೀರು ತೋರಿಸಿದ. "ಜಾಕೆಟ್ಟಿಗೆ. ನಂಗಲ್ಲ."

ಅಷ್ಟು ಸಾಕಾಯಿತು. ಗಂಡಸಿನ ಅಳತೆ. ಅದರೊಳಗೆ ನಾನು ಗೋಣಿಚೀಲದಲ್ಲಿ ಕೂತ ಬೆಕ್ಕಿನ ಹಾಗಿದ್ದೆ. ಪ್ಯಾಡು ಮೈಗೆ ಅಂಟಿ ಕೂತರೆ ಮಾತ್ರ ಪ್ರಯೋಜನ, ಸಡಿಲವಾದರೆ ಬೀಳುವಾಗ ಜಾರಿ ಬೇರೆಲ್ಲೋ ಹೋಗುತ್ತದೆ ಎಂದು ಅವನೇ ಹೇಳಿದ. ಸೊಂಟದ ಪಟ್ಟಿಯನ್ನು ಕೊನೆಯ ತೂತಿನವರೆಗೆ ಬಿಗಿದು, ಒಳಗೊಂದು ಸ್ವೆಟರ್ ಹಾಕಿ ಹೊಂದಿಸಿಕೊಂಡೆ.

ಆ ಬೇಸಿಗೆಯೆಲ್ಲ ಒಂದು ದಿನ ಅದು, ಒಂದು ದಿನ ಇದು ಹಾಕಿಕೊಂಡು ಓಡಾಡಿ, ದಿನಚರಿಯ ಹಾಳೆಯ ಮಧ್ಯೆ ಗೆರೆ ಎಳೆದು ಬರೆದೆ. ಅಮ್ಮ ಅದನ್ನು ನೋಡಿ, "ಮದ್ವೆಗೂ ಜನ ಇಷ್ಟು ಜಾತಕ ನೋಡಲ್ಲ," ಎಂದಳು. ಸಾರಾಂಶ ಹೇಳುತ್ತೇನೆ. ಕಂದು ಹಾಕಿಕೊಂಡರೆ ಹಾಕಿಕೊಂಡದ್ದೇ ಮರೆಯುತ್ತದೆ. ಕರಿಯದು ಮರೆಯಲು ಬಿಡುವುದಿಲ್ಲ. ಕಂದಿಗೆ ಗಾಳಿ ನುಗ್ಗುತ್ತದೆ, ಕರಿಯದರ ಒಳಗೆ ಇಡ್ಲಿ ಬೇಯಿಸಬಹುದು. ಮಳೆಗೆ ಎರಡೂ ಒಂದೇ, ಮೇಲೆ ರೇನ್‌ಕೋಟ್ ಬೇಕೇ ಬೇಕು. ಕಂದಿನಲ್ಲಿ ಕುರ್ಚಿಯ ಮೇಲೆ ಕೂರಬಹುದು. ಕರಿಯದರಲ್ಲಿ ಕೂತರೆ ಬೆನ್ನಿನ ಪ್ಯಾಡು ಕಾಲರನ್ನು ಮೇಲಕ್ಕೆ ತಳ್ಳಿ ತಲೆ ಆಮೆಯ ಹಾಗೆ ಒಳಗೆ ಹೋಗುತ್ತದೆ. ನಾಗವೇಣಿ ಅದನ್ನು ಮೊದಲು ಕಂಡಾಗ ಟೇಬಲ್ಲಿನ ಮೇಲಿನ ಟ್ಯೂಬುಗಳನ್ನು ಮೆಲ್ಲಗೆ ಒಳಗೆ ಸರಿಸಿದಳು. ಪೇಟೆಗೆ ಹೋಗಲು ಕರಿಯದು ಆಗದು. ರಸ್ತೆಗೆ ಕಂದು ಆಗದು. ಇಷ್ಟು ತಿಳಿಯಲು ಒಂದು ಬೇಸಿಗೆ ಬೇಕಾಯಿತು.

ಇನ್ನೊಂದು ವ್ಯತ್ಯಾಸ ಯಾರೂ ಹೇಳಿರಲಿಲ್ಲ. ತೀರ್ಥಹಳ್ಳಿ ಕಡೆಯ ಪೂಜೆ ಪುನಸ್ಕಾರದ ಮನೆಗಳಿಗೆ ರಕ್ತ ತೆಗೆಯಲು ಹೋದರೆ, ಬಾಗಿಲಲ್ಲೇ ಅಜ್ಜಿಯರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ಚರ್ಮದ್ದನೇ ಕೂಸೆ? ಹಂಗಾರೆ ಅದು ಅಲ್ಲೇ ಜಗಲಿ ಮೇಲೆ ಇರ್ಲಿ. ನೀ ಬಾ ಒಳಗೆ, ಕಾಫಿ ಕುಡಿ." ಬಯ್ಯುವುದಿಲ್ಲ. ಚಪ್ಪಲಿಗೆ ಇರುವ ನಿಯಮ ಜಾಕೆಟ್ಟಿಗೂ, ಅಷ್ಟೇ. ಕಂದನ್ನು ಒಮ್ಮೆ ಹಾಗೆ ಜಗಲಿಯಲ್ಲಿ ಬಿಟ್ಟು ಒಳಗೆ ಹೋದಾಗ ಆ ಮನೆಯ ನಾಯಿ ಅದನ್ನು ಎಳೆದುಕೊಂಡು ಹೋಗಿ ಅದರ ಮೇಲೆ ಮಲಗಿತ್ತು. ಕರಿಯದನ್ನು ಬಿಟ್ಟ ದಿನ ಅದೇ ನಾಯಿ ದೂರ ನಿಂತು ಬೊಗಳಿತು, ಹತ್ತಿರ ಬರಲಿಲ್ಲ. ಇದನ್ನೂ ರಕ್ಷಣೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಚರ್ಮ ಎಂದಾಗ ನನಗೆ ಶೇಖರಣ್ಣನ ಬ್ಯಾಗು ನೆನಪಾಗುತ್ತದೆ. ಶೇಖರಣ್ಣ ಅಪ್ಪನ ಬಸ್ಸಿನ ಕಂಡಕ್ಟರು. ಶಾಲೆಗೆ ರಜ ಇದ್ದಾಗ ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಇಂಜಿನ್ನಿನ ಮೇಲೆ ಹಾಸಿದ ಕಂಬಳಿಯ ಮೇಲೆ ನನ್ನ ಜಾಗ. ಮಳೆಗಾಲದಲ್ಲಿ ಇಡೀ ಜಿಲ್ಲೆಯಲ್ಲಿ ಅಷ್ಟು ಬೆಚ್ಚಗಿನ ಜಾಗ ಬೇರೆ ಇರಲಿಲ್ಲ. ಕುಂಡೆ ಸುಡುತ್ತಿತ್ತು, ಏಳಲು ಮನಸ್ಸಿರಲಿಲ್ಲ. ಶೇಖರಣ್ಣನ ಚರ್ಮದ ಬ್ಯಾಗಿಗೂ ಬೂಷ್ಟು ಬರುತ್ತಿತ್ತು. ಅವನು ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಇಂಜಿನ್ ಪಕ್ಕ ನೇತು ಹಾಕುತ್ತಿದ್ದ. ಚಿಲ್ಲರೆ ಕೊಟ್ಟರೆ ನೋಟೆಲ್ಲ ಎಣ್ಣೆ. "ಶೇಖರಣ್ಣ, ಇದ್ರಲ್ಲಿ ಹಪ್ಪಳ ಕರೀಬೋದು" ಎಂದು ಹೆಂಗಸರು ಬೈಯುತ್ತಿದ್ದರು. ಬಸ್ಸು ಹೊಸನಗರ ತಲುಪಿದರೆ ಅಲ್ಲಿ ಇನ್ನೊಬ್ಬ ಡ್ರೈವರ್ ಕಾದಿರುತ್ತಿದ್ದ. ಅಪ್ಪ ಇಳಿದು, ಸೀಟಿನ ಹಿಂದೆ ನೇತು ಹಾಕಿದ ಖಾಕಿ ಅಂಗಿ ಎತ್ತಿಕೊಂಡು, ಅವನ ಬೆನ್ನು ತಟ್ಟಿ, "ಇಲ್ಲಿಂದ ನಿಂದು" ಎನ್ನುತ್ತಿದ್ದ. ಅಷ್ಟೇ ಮಾತು. ಬಸ್ಸಿನ ಬಗ್ಗೆ ಆಮೇಲೆ ಒಂದು ಮಾತೂ ಆಡುತ್ತಿರಲಿಲ್ಲ. ಅದು ಇನ್ನೊಬ್ಬನದು.

ಶೇಖರಣ್ಣನ ವಿದ್ಯೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಈ ವರ್ಷ ಮಳೆ ಹಿಡಿದ ಮೇಲೆ ಕರಿಯದು ಒಂದು ದಿನ ರೇನ್‌ಕೋಟಿನ ಒಳಗೇ ನೆನೆಯಿತು. ನಮ್ಮ ಕಡೆ ಮಳೆಗಾಲದಲ್ಲಿ ಒದ್ದೆ ಬಟ್ಟೆ ಎಲ್ಲಿ ಒಣಗುತ್ತದೆ? ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳದ ಮೇಲೆ. ಸೀರೆ, ಟವೆಲು, ಅಪ್ಪನ ಬನಿಯನ್ನು, ಎಲ್ಲದರ ಜೊತೆ ಇದನ್ನೂ ಕೊಬ್ಬರಿ ಎಣ್ಣೆ ತಿಕ್ಕಿ ಗಳಕ್ಕೆ ಹಾಕಿದೆ. ಚರ್ಮವೂ ಬಟ್ಟೆಯೇ ಎಂದು ತಿಳಿದದ್ದು ತಪ್ಪು. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿದರು, ಸಂಜೆ ಹಾಕಿದರು. ಮಾರನೆಯ ದಿನ ನೋಡಿದರೆ ಬಲಗೈ ಪಾರಾಗಿತ್ತು, ಗಳದ ಮೇಲೆ ಮಡಿಚಿಕೊಂಡಿದ್ದ ಎಡಗೈ ಹಾಗೇ ಮಡಿಚಿಕೊಂಡು ಗಟ್ಟಿಯಾಗಿತ್ತು. ಕೈಯಲ್ಲಿ ಹಿಡಿದು ಎಷ್ಟು ಎಳೆದರೂ ನೆಟ್ಟಗಾಗದು. ಮೈಯೆಲ್ಲ ಹೊಗೆ ಮತ್ತು ಕೊಬ್ಬರಿ ವಾಸನೆ. ಅದರೊಳಗೆ ನನ್ನ ಕೈ ತೂರಿಸಿದರೆ ಯಾರೋ ಹಿಡಿದು ತಿರುಚಿದ ಹಾಗೆ ಆಗುತ್ತಿತ್ತು.

ಅದನ್ನು ಮಡಿಲಲ್ಲಿ ಹಾಕಿಕೊಂಡು ನಡುಕೋಣೆಯಲ್ಲಿ ಸುಮ್ಮನೆ ಕೂತಿದ್ದೆ. ಅಪ್ಪ ಬಂದು ನಿಂತು ನೋಡಿದ.

"ಎಂತ ಆಯ್ತದಕ್ಕೆ?"

"ಒಣಗಿ ಸೆಟೆದು ಹೋಯ್ತು. ಇನ್ನು ಬಿಸಾಕ್ಬೇಕು."

ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ ಎಡಗೈಯನ್ನು ಆ ತೋಳಿನೊಳಗೆ ಹಾಕಿದ. ತೋಳು ಎಲ್ಲಿ ಬಾಗಿತ್ತೋ ಅಲ್ಲೇ ಅವನ ಮೊಣಕೈಯೂ ಬಾಗಿತ್ತು. ಒಂದು ಚೂರೂ ಎಳೆಯದೆ ಕೈ ಮಣಿಕಟ್ಟಿನವರೆಗೆ ಹೋಯಿತು. ಬಲಗೈ ಹಾಕಿದ. ಜಿಪ್ಪು ಎಳೆದ. ಕನ್ನಡಿಯ ಕಡೆ ಹೋಗಲಿಲ್ಲ, ಆದರೆ ಅಡುಗೆಮನೆಯ ಕಡೆ ಹೋದ.

"ಏ, ನೋಡಿಲ್ಲಿ. ನಂಗೇ ಅಳತೆ ಕೊಟ್ಟು ಹೊಲಿಸ್ದಂಗಿದೆ."

ಅಮ್ಮ ತಿರುಗಿ ನೋಡಿ, "ಮದ್ವೆ ದಿನ ಸೂಟು ಹಾಕಿ ಅಂದ್ರೆ ಸೆಖೆ ಅಂದಿದ್ರಿ," ಎಂದಳು.

ಅವನು ಅದನ್ನು ಅರ್ಧ ದಿನ ಬಿಚ್ಚಲಿಲ್ಲ. ಸಂಜೆ ನಾನು ಧೈರ್ಯ ಮಾಡಿ ಕೇಳಿದೆ. "ಅಪ್ಪ, ಇದು ನೀನು ಹಾಕ್ಕೊ. ನಾಳಿದ್ದು ರಜ ಇದೆ. ಅತ್ತೆ ಮನೆಗೆ ಹೋಗಿ ಬರೋಣ."

"ನೀನು?"

"ನಂಗೆ ಕಂದು ಇದೆಯಲ್ಲ."

ಅವನು ಕೂಡಲೇ ಜಿಪ್ಪು ಇಳಿಸತೊಡಗಿದ. "ಹಿಂದೆ ಕೂತವ್ನಿಗೆ ಎಮ್ಮೆ ಚರ್ಮ, ಮುಂದೆ ಕೂತವ್ಳಿಗೆ ಆ ಹಪ್ಪಳನಾ? ಯಾವ ಊರಿನ ನ್ಯಾಯ? ಪೆಟ್ಟು ಮೊದ್ಲು ಡ್ರೈವರಿಗೆ ಬೀಳೋದು."

"ಹೋದ್ಸಲ ಯಾರಿಗೆ ಬಿತ್ತು?"

ಅವನು ಜಾಕೆಟ್ಟನ್ನು ಮೊಳೆಗೆ ಹಾಕಿ, ಬೆನ್ನು ಮಾಡಿ ನಿಂತೇ ಹೇಳಿದ. "ನಂಗೆ ಬಿದ್ದಿದ್ದು ನಂಗೆ ನೆನಪಿಲ್ಲ ಕಣೆ ಪುಟ್ಟಿ. ನೀನು ಬೀಳೋದು ಕಾಣ್ತಾ ಇತ್ತು. ಬಲಗಾಲು ಒತ್ತಿದೆ. ಕೆಳಗೆ ಏನೂ ಇರ್ಲಿಲ್ಲ. ಇಷ್ಟು ವರ್ಷ ನನ್ನ ಕಾಲಡಿ ಬ್ರೇಕ್ ಇತ್ತು. ಹಿಂದೆ ಕೂತವ್ನಿಗೆ ಅದು ಇರಲ್ಲ."

ಆಗ ನನಗೆ ಗೊತ್ತಾಯಿತು. ನಾನು ಒಂದು ವರ್ಷದಿಂದ ತಪ್ಪು ಮೈಯನ್ನು ಅಳೆಯುತ್ತಿದ್ದೆ. ಅವನ ಮೊಣಕೈಗೆ ಪ್ಯಾಡು, ಅವನ ಬೆನ್ನಿಗೆ ಪ್ಯಾಡು ಎಂದು ನಾನು ಹುಡುಕುತ್ತಿದ್ದರೆ, ಅವನು ನನ್ನ ಮೈಗೆ ಏನಿದೆ ಎಂದು ನೋಡುತ್ತಿದ್ದ.

ಅಮ್ಮ ಸೌಟು ಹಿಡಿದು ಬಂದಳು. "ಕರಿಯದು ಯಾರು ಹಾಕ್ಬೇಕು ಅಂತ ಇನ್ನೊಂದು ಮಾತು ಬಂದ್ರೆ ಎರಡನ್ನೂ ಹಂಡೆ ಒಲೆಗೆ ಹಾಕ್ತೀನಿ. ಒಣಗೋಕಲ್ಲ, ನೀರು ಕಾಯೋಕೆ. ಅಲ್ಲಿ ಅವ್ಳ ಕಣ್ಣು ಹೋಗ್ತಾ ಇದೆ, ಇಲ್ಲಿ ಇವ್ರದ್ದು ಚರ್ಮದ ಪಂಚಾಯ್ತಿ."

ಅಪ್ಪ ಮೊಳೆಯಿಂದ ಕರಿಯದನ್ನು ಇಳಿಸಿ ನನ್ನ ಕೈಗೆ ಕೊಟ್ಟ. "ಹೊಸನಗರ ತಂಕ ನೀನು ಹಾಕ್ಕೊ," ಎಂದ. "ಅಲ್ಲಿ ಬದ್ಲಿ."

ನವರಾತ್ರಿ ಇನ್ನೂ ಶುರುವಾಗಿರಲಿಲ್ಲ. ಮೋಡವಿತ್ತು, ಮಳೆ ಇರಲಿಲ್ಲ. ಮೀಟರ್ ಬರೆದುಕೊಂಡೆ. ಅಮ್ಮ ಚಕ್ಕುಲಿಯನ್ನು ಈ ಸಲ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳಕ್ಕೆ ದಾರ ಸುತ್ತಿದ್ದಳು. ನಾನು ಸೆಟೆದ ತೋಳಿನೊಳಗೆ ಕೈ ತುರುಕಿಕೊಂಡು ಕೂತೆ. ಕ್ಲಚ್ ಹಿಡಿಯುವುದೇ ಕಷ್ಟ. ಅಪ್ಪ ಬೈಕಿಗೆ ಒಂದು ಸುತ್ತು ಬಂದು, ಎರಡೂ ಟೈರನ್ನು ಕಾಲಿನಿಂದ ಒತ್ತಿ ನೋಡಿ, ಕಂದು ಜಾಕೆಟ್ಟಿನ ಗುಂಡಿ ಹಾಕಿಕೊಳ್ಳಲಾಗದೆ ಹಾಗೇ ಬಿಟ್ಟು, ಹತ್ತಿದ. ಅವನ ಭಾರ ಬಿದ್ದಾಗ ಹಿಂದಿನ ಸ್ಪ್ರಿಂಗು ಕೆಳಗಿಳಿಯಿತು. ಒಂದು ವರ್ಷದಿಂದ ಇಳಿಯದಿದ್ದದ್ದು.

ಹೊಸನಗರದವರೆಗೆ ಸೊಂಟಕ್ಕೆ ಅವನ ಮಂಡಿ ತಾಗುತ್ತಿತ್ತು, ಪ್ರತಿ ತಿರುವಿಗೂ ಬಲಮಂಡಿ ಒಂದು ಚೂರು ಬಿಗಿಯಾಗುತ್ತಿತ್ತು. ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದೆವು. ಹೊರಗೆ ಬಂದು ನಾನು ಕರಿಯದನ್ನು ಬಿಚ್ಚಿದೆ, ಅವನು ಕಂದನ್ನು ಬಿಚ್ಚಿದ. ಬಸ್ಸಿಗೆ ಕಾದು ನಿಂತ ಜನ ನೋಡುತ್ತಿದ್ದರು. ಹಣ್ಣಿನ ಗಾಡಿಯವನೊಬ್ಬ, "ಎಂತ, ಸೈಜ್ ಬದ್ಲಿ ಆಗಿತ್ತಾ?" ಎಂದ.

"ಡ್ಯೂಟಿ ಬದ್ಲಿ," ಎಂದ ಅಪ್ಪ. ಕರಿಯದರೊಳಗೆ ಎಡಗೈ ಹಾಕಿದ, ಸಲೀಸಾಗಿ ಹೋಯಿತು. ನನ್ನ ಬೆನ್ನು ತಟ್ಟಿದ. ಹಳೆಯ ಮಾತನ್ನು ಹೇಳುತ್ತಾನೆ ಎಂದು ಕಾದೆ. ಏನೂ ಹೇಳದೆ ಹತ್ತಿ ಕೂತ.

ಆ ತಿರುವು ಎಲ್ಲಿ ಬರುತ್ತದೆ ಎಂದು ಮೈಗೇ ಗೊತ್ತಿತ್ತು. ಗಾಳಿ ಕಂದು ಜಾಕೆಟ್ಟಿನೊಳಗೆ ನುಗ್ಗಿ ಹೊಟ್ಟೆಯವರೆಗೆ ತಣ್ಣಗಾಯಿತು. ದೂರದಿಂದಲೇ ಕಂಡಿತು, ರಸ್ತೆಯ ಎಡಭಾಗ ಪೂರ್ತಿ ಎಲೆ, ರಾತ್ರಿಯ ಇಬ್ಬನಿಗೋ ಸೋನೆಗೋ ಒದ್ದೆಯಾಗಿ ಮಿಂಚುತ್ತಿತ್ತು. ನಾನು ಗೇರ್ ಇಳಿಸಿದೆ.

"ನಿಲ್ಸು," ಎಂದ ಅಪ್ಪ.

ವಾಪಸು ಎನ್ನುತ್ತಾನೆ ಎಂದುಕೊಂಡೆ. ಬಸ್ಸಿನಿಂದ ಇಳಿದ ಹಾಗೆ ಇಲ್ಲಿಂದಲೂ ಇಳಿದು ಹೋಗುತ್ತಾನೆ. ನನಗೆ ಸಿಟ್ಟೂ ಬರಲಿಲ್ಲ. ಬೈಕ್ ಬದಿಗೆ ಹಾಕಿ ಹ್ಯಾಂಡಲ್ ಮೇಲೆ ತಲೆ ಇಟ್ಟೆ. ಅವನು ಇಳಿದು ರಸ್ತೆಯ ಅಂಚಿನ ಪೊದೆಯಿಂದ ಒಂದು ಸೊಪ್ಪಿನ ರೆಂಬೆ ಮುರಿದುಕೊಂಡ. ಆ ದೊಡ್ಡ ಕರಿ ಜಾಕೆಟ್ಟಿನಲ್ಲಿ, ತಲೆ ಕಾಲರಿನೊಳಗೆ ಅರ್ಧ ಮುಳುಗಿ, ಬಗ್ಗಿ, ತಿರುವಿನ ಉದ್ದಕ್ಕೂ ಎಲೆಗಳನ್ನು ಬದಿಗೆ ಗುಡಿಸುತ್ತ ಹೋದ. ಅಂಗಳ ಗುಡಿಸುವವರ ಹಾಗೆ, ಅವಸರವಿಲ್ಲದೆ, ಒಂದು ಬೈಕ್ ಹೋಗುವಷ್ಟು ಅಗಲಕ್ಕೆ. ಎದುರಿನಿಂದ ಒಂದು ಜೀಪು ಬಂತು. ಅವನು ಕೈ ತೋರಿಸಿ ನಿಲ್ಲಿಸಿದ, ಜೀಪಿನವನು ನಿಂತ. ತಿರುವಿನ ಆ ತುದಿ ತಲುಪಿ, ರೆಂಬೆ ಎಸೆದು, ನನ್ನ ಕಡೆ ತಿರುಗಿ ನಿಂತು ಬಲಗೈಯಿಂದ ಜಾಕೆಟ್ಟಿನ ಮೇಲೆ ಪಟಪಟ ಬಡಿದ.

"ರೈಟ್! ಬಾ, ಬಾ, ಬಾ, ರೈಟ್!"

ಶೇಖರಣ್ಣನ ದನಿ. ಬಸ್ಸಿನ ತಗಡು ಬಡಿಯುವ ಅದೇ ತಾಳ. ನಾನು ಆ ಗುಡಿಸಿದ ದಾರಿಯ ಮೇಲೆ, ಸುಮಾರು ನಡಿಗೆಯ ವೇಗದಲ್ಲಿ, ಅವನ ಹತ್ತಿರ ಹೋಗಿ ನಿಂತೆ. ಅವನು ಹತ್ತಿದ. ಆಮೇಲೆ ಅರಳಸುರಳಿಯವರೆಗೆ ಮಂಡಿ ಬಿಗಿಯಾದದ್ದು ನನಗೆ ಗೊತ್ತಾಗಲಿಲ್ಲ. ಬಿಗಿಯಾಗಿದ್ದರೂ ಇರಬಹುದು, ನನ್ನ ಗಮನ ರಸ್ತೆಯ ಮೇಲಿತ್ತು.

ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಬೈಕಿನ ಸದ್ದಿಗೆ ಎದ್ದು ಕಂಬ ಹಿಡಿದು ನಿಂತಳು. ಅಪ್ಪ ಹತ್ತಿರ ಹೋಗಿ, "ಅಕ್ಕಾ" ಎಂದ. ಅವಳು ಕೈ ಚಾಚಿ ಅವನ ಭುಜ ಹಿಡಿದಳು. ಬಲ ಭುಜ. ಆ ಗೀರು ಬಿದ್ದ ದೊರಗು ಚರ್ಮದ ಮೇಲೆ ಬೆರಳು ಆಡಿಸಿದಳು, ಮತ್ತೆ ಆಡಿಸಿದಳು. ಅವಳ ಮುಖ ಸಣ್ಣದಾಯಿತು.

"ಇಷ್ಟು ಪೆಟ್ಟಾಗಿತ್ತನಾ ತಮ್ಮಾ? ಯಾರೂ ಹೇಳ್ಲೇ ಇಲ್ಲ."

"ಅದು ಜಾಕೆಟ್ಟು ಅಕ್ಕಾ. ನಾನಲ್ಲ."

"ಎಂತ ಜಾಕೆಟ್ಟೋ. ಹೊಗೆಯಟ್ಟದ ವಾಸ್ನೆ ಬರ್ತದೆ. ಬಣ್ಣನೂ ಹೋಗಿರ್ಬೇಕು, ಒಂದ್ಸಲ ಅಡಿಕೆ ಬೇಯ್ಸಿದ ಚೊಗರಲ್ಲಿ ಅದ್ದಿ ತೆಗೀರಿ, ಹೊಸದಾಗ್ತದೆ," ಎಂದು ನನ್ನ ಕಡೆಗೂ ಒಂದು ಸಲಹೆ ಎಸೆದಳು. ಆಮೇಲೆ ಅಪ್ಪನಿಗೆ, "ಬಿಚ್ಚು ಅದ್ನ. ಚರ್ಮದ್ದು ಅಲ್ಲೇ ಇರ್ಲಿ. ನಂಗೆ ನಿನ್ನ ನೋಡ್ಬೇಕು."

ಜಿಪ್ಪು ಇಳಿಯಿತು. ಬಲಗೈ ಬಂತು. ಎಡಗೈ ಹೋಗುವಾಗ ಸಲೀಸಾಗಿ ಹೋದದ್ದು, ಮೊನ್ನೆ ಮನೆಯಲ್ಲಿ ಸಲೀಸಾಗಿ ಬಂದದ್ದು, ಈಗ ಬರಲಿಲ್ಲ. ಬಾಗಿದ ಕೈ, ಬಾಗಿದ ತೋಳು, ಎರಡೂ ಒಂದನ್ನೊಂದು ಬಿಡಲೊಲ್ಲವು. ನಾನು ಎಳೆಯಲು ಹೋದೆ. ಅತ್ತೆ ನನ್ನ ಕೈ ಸರಿಸಿದಳು. ಮಂಡಿ ನೋವಿನವಳು ಒಂದು ಮೆಟ್ಟಿಲು ಇಳಿದು, ತಡಕಿ ತೋಳಿನ ತುದಿ ಹುಡುಕಿ, ಎರಡೂ ಕೈಯಲ್ಲಿ ಹಿಡಿದಳು. ನಾನು ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ಅಷ್ಟು ಸುಸ್ತಾಗಿತ್ತು, ಮೀಟರ್ ನೋಡುವುದನ್ನೂ ಮರೆತಿದ್ದೆ.

"ಮುಷ್ಟಿ ಬಿಡು," ಎಂದಳು ಅತ್ತೆ. "ಹಿಂಗೆ ಬಿಗಿ ಹಿಡ್ಕಂಡ್ರೆ ಹ್ಯಾಂಗೆ ಬರ್ತದೆ? ಶಾಲೆಯಿಂದ ಬಂದಾಗ್ಲೂ ಹಿಂಗೇ ಮಾಡ್ತಿದ್ದೆ. ಕೈ ಮೇಲೆತ್ತು. ಇನ್ನೂ."

ಅಪ್ಪ ಎತ್ತಲಾದಷ್ಟು ಎತ್ತಿದ.